ಬ್ಯಾಟಿನ ಮರ್ಮ ಮರದ ಸಾಂದ್ರತೆಯಲ್ಲಿ

ಮೀರತ್‌ನ ಸೂರಜ್‌ಕುಂಡ್ ಕ್ರೀಡಾ ಸಾಮಗ್ರಿಗೆ ಹೆಸರಾದ ಪೇಟೆ. ದೇಶ ವಿಭಜನೆಯಾದಾಗ ಸಿಯಾಲ್‌ಕೋಟ್‌ ಬಿಟ್ಟು ಬಂದ ಕುಶಲಕರ್ಮಿಗಳು ಇಲ್ಲೂ ಜಲಂಧರ್‌ನಲ್ಲೂ ನೆಲೆನಿಂತು ಬ್ಯಾಟ್ ತಯಾರಿಕೆಯನ್ನು ಬೆಳೆಸಿದರು. ದುಬಾರಿ ಬ್ಯಾಟುಗಳಿಗೆ ಮರ ಬರುವುದು ಮಾತ್ರ ಇಂದಿಗೂ ಇಂಗ್ಲೆಂಡಿನಿಂದ. ಎಸೆಕ್ಸ್, ಸಫೋಕ್ ಕಡೆಯ ತೇವದ ನೆಲದಲ್ಲಿ ಬೆಳೆದ ವಿಲ್ಲೋ ಮರವನ್ನು ಹದಿನೈದಿಪ್ಪತ್ತು ವರ್ಷಕ್ಕೆ ಕಡಿದು, ದಿಮ್ಮಿಗೆ ಬೆಣೆ ಹೊಡೆದು ಸೀಳಿ, ತುದಿಗಳಿಗೆ ಮೇಣ ಬಳಿದು ಒಣಗಿಸುತ್ತಾರೆ. ಈ ಸೀಳಿಗೆ ಕಸುಬಿನವರ ಹೆಸರು ಕ್ಲೆಫ್ಟ್.

ಕ್ಲೆಫ್ಟಿಗೆ ದರ್ಜೆ ಕೊಡುವುದು ಹೆಚ್ಚಾಗಿ ಕಣ್ಣಳತೆಯಲ್ಲಿ. ಗೆರೆಗಳು ನೇರವಾಗಿದ್ದು, ಗಂಟು, ಕಲೆ ಇಲ್ಲದಿದ್ದರೆ ಮೊದಲ ದರ್ಜೆ, ಬೆಲೆಯೂ ಅದಕ್ಕೆ ತಕ್ಕಂತೆ. ಆದರೆ ಆಟಗಾರನ ಮಣಿಕಟ್ಟಿಗೆ ಗೊತ್ತಾಗುವುದು ಗೆರೆಯಲ್ಲ, ಸಾಂದ್ರತೆ. ಅದನ್ನು ತಕ್ಕಡಿ ಮಾತ್ರ ಹೇಳಬಲ್ಲದು.

ಬ್ಯಾಟಿನ ವಿಲ್ಲೋ ಘನ ಮೀಟರಿಗೆ 400 ಕಿಲೋ ಆಸುಪಾಸಿನ ಮರ. ಅಂದರೆ ನೀರಿನ ಅರ್ಧ ತೂಕವೂ ಇಲ್ಲ. ಬ್ಯಾಟಿನ ಅಲಗಿನಲ್ಲಿ 900 ಗ್ರಾಂ ಮರ ಇರಲಿ ಎಂದುಕೊಳ್ಳಿ. ಸಾಂದ್ರತೆ 400 ಇದ್ದರೆ ಅದರ ಗಾತ್ರ 2,250 ಘನ ಸೆಂಟಿಮೀಟರ್. 450 ಇದ್ದರೆ ಬರೀ 2,000. ಕಾಲು ಲೀಟರಿನಷ್ಟು ಮರದ ವ್ಯತ್ಯಾಸ! ಹಗುರ ಮರ ಸಿಕ್ಕ ಕುಶಲಕರ್ಮಿ ಬೆನ್ನನ್ನು ಉಬ್ಬಿಸಬಹುದು, ಅಂಚನ್ನು ದಪ್ಪ ಬಿಡಬಹುದು. ಭಾರದ ಮರವಾದರೆ ಅಷ್ಟೇ ತೂಕಕ್ಕೆ ತರಲು ಕೆತ್ತಿ ಕೆತ್ತಿ ತೆಳುವಾಗಿಸಬೇಕು. ಕಾಶ್ಮೀರದ ವಿಲ್ಲೋ ಸಾಮಾನ್ಯವಾಗಿ ಇಂಗ್ಲಿಷ್ ವಿಲ್ಲೋಗಿಂತ ಭಾರ. ಅದರ ಬ್ಯಾಟಿನ ಅಂಚು ತೆಳುವಾಗಿ ಕಂಡರೆ ಕಾರಣ ಇದೇ.

ಅಳೆಯುವುದು ಹೇಗೆ? ಕಾರ್ಖಾನೆಯಲ್ಲಿ ಕ್ಲೆಫ್ಟುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವಾದ್ದರಿಂದ ತೂಗಿದರೆ ಸಾಕು, ಯಾವುದು ಹಗುರ ಎಂದು ತಿಳಿಯುತ್ತದೆ. ಸಿದ್ಧ ಬ್ಯಾಟಿಗೆ ಆರ್ಕಿಮಿಡೀಸನ ದಾರಿ ಹಿಡಿಯಬೇಕು. ಎತ್ತರದ ಪಾತ್ರೆಯಲ್ಲಿ ನೀರು ತುಂಬಿ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಬ್ಯಾಟಿಗೆ ತೆಳು ಪ್ಲಾಸ್ಟಿಕ್ಕನ್ನು ಗಾಳಿ ಉಳಿಯದಂತೆ ಸುತ್ತಿ, ತಳಕ್ಕೂ ಬದಿಗೂ ತಾಗದಂತೆ ಅಲಗನ್ನು ಭುಜದವರೆಗೆ ನೀರಿಗೆ ಒತ್ತಿ ಹಿಡಿಯಿರಿ. ತಕ್ಕಡಿ ತೋರಿಸುವ ಗ್ರಾಂಗಳೇ ಅಲಗಿನ ಗಾತ್ರ, ಘನ ಸೆಂಟಿಮೀಟರುಗಳಲ್ಲಿ. ಎಷ್ಟು ಸೊಗಸಾದ ವಿಧಾನ! ತೊಡಕಿರುವುದು ಹಿಡಿಯಲ್ಲಿ. ಬೆತ್ತ, ರಬ್ಬರ್ ಸೇರಿಸಿ ಮಾಡಿದ ಅದು ಅಲಗಿನೊಳಗೆ ಬೆಣೆಯಾಗಿ ಕೂತಿರುತ್ತದೆ. ಅದರ ತೂಕವನ್ನು ಅಂದಾಜಿನಲ್ಲೇ ಕಳೆಯಬೇಕು. ಸಿಗುವ ಅಂಕಿಯೂ ಸರಾಸರಿಯದು, ಏಕೆಂದರೆ ರೋಲರಿನಡಿ ಒತ್ತಿದ ಮುಂಭಾಗದ ಪದರ ಒಳಮರಕ್ಕಿಂತ ಸಾಂದ್ರ.

ತೇವಾಂಶವನ್ನೂ ಮರೆಯುವಂತಿಲ್ಲ. ಮಳೆಗಾಲದ ಮಂಗಳೂರಿನಲ್ಲಿ ತೂಗಿದ ಬ್ಯಾಟು ಬೇಸಿಗೆಯ ಕಲಬುರಗಿಯಲ್ಲಿ ಒಂದಷ್ಟು ಗ್ರಾಂ ಇಳಿದಿರುತ್ತದೆ. ಹಗುರವಾಗಲೆಂದು ಅತಿಯಾಗಿ ಒಣಗಿಸಿದ ಮರ ಬೇಗ ಬಿರುಕು ಬಿಡುತ್ತದೆ. ಅಂಥ ಹಗುರತನಕ್ಕೆ ಹಣ ಸುರಿಯುವುದು ವ್ಯರ್ಥ.

ಹಗುರ ಮರದ ಲಾಭಕ್ಕೆ ನಿಯಮವೂ ಒಂದು ಗೆರೆ ಎಳೆದಿದೆ. 2017ರಿಂದ ಅಂಚು 40 ಮಿಲಿಮೀಟರ್, ಒಟ್ಟು ದಪ್ಪ 67 ಮಿಲಿಮೀಟರ್ ಮೀರುವಂತಿಲ್ಲ. 2025ರ ಐಪಿಎಲ್‌ನಲ್ಲಿ ಅಂಪೈರುಗಳು ಮೈದಾನದಲ್ಲೇ ಬ್ಯಾಟುಗಳನ್ನು ಅಳತೆಯ ಚೌಕಟ್ಟಿನಲ್ಲಿ ತೂರಿಸಿ ನೋಡಿದರು. ಚೌಕಟ್ಟು ಅಳೆಯುವುದು ಆಕಾರವನ್ನಷ್ಟೇ. ಮರದ ಸಾಂದ್ರತೆಗೆ ನಿಯಮ ಯಾವ ಮಿತಿಯನ್ನೂ ಹಾಕಿಲ್ಲ.