ಬ್ಯಾಂಕಿಗೊಂದು ಬಿನ್ನಹ

‘ಬಾಯಿದ್ದವ ಬರಗಾಲದಲ್ಲೂ ಬದುಕಿದ’ ಎಂಬ ಗಾದೆ ನಮ್ಮಲ್ಲಿ ಹಳೆಯದು. ಬರಗಾಲವನ್ನೇ ಉಂಡು ಬೆಳೆದ ವಿಜಯಪುರ ಜಿಲ್ಲೆಯಲ್ಲಿ ಈ ಮಾತಿಗೆ ತುಸು ಹೆಚ್ಚೇ ತೂಕ. ಆದರೆ ಬ್ಯಾಂಕಿನ ಸಾಲದ ವಿಷಯ ಬಂದಾಗ ಬಾಯಿ ಒಂದೇ ಸಾಲದು; ಬರೆಯುವ ಕೈಯೂ ಬೇಕು.

ಮಾರ್ಚ್ ತಿಂಗಳಲ್ಲಿ ತಿಕೋಟಾದ ಕಡೆಯಾಗಲಿ ಬಬಲೇಶ್ವರದ ಕಡೆಯಾಗಲಿ ಯಾವುದೇ ಬ್ಯಾಂಕಿನ ಬಾಗಿಲಲ್ಲಿ ಅರ್ಧ ತಾಸು ನಿಂತರೆ ಒಂದು ಮಾತು ಕಿವಿಗೆ ಬೀಳದೆ ಇರದು. “ಸಾಹೇಬ್ರ, ಈ ವರ್ಷ ಭಾಳ ತ್ರಾಸ ಆಗೇತ್ರಿ. ಪಡಾ ಎಲ್ಲಾ ಹಾಳಾತು. ನೀವ ಏನರೆ ಮಾಡ್ರಿ.” ಮೇಜಿನ ಆಚೆಯಿಂದ ಉತ್ತರ ಬರುತ್ತದೆ: “ನೋಡೂಣು ತಗೋರಿ ಅಜ್ಜಾರ.” ಮಾತು ಅಲ್ಲಿಗೆ ಮುಗಿಯಿತು. ಅಜ್ಜ ಹೇಳಿ ಬಂದೆನೆಂಬ ಸಮಾಧಾನದಲ್ಲಿ ಬಸ್ಸು ಹತ್ತುತ್ತಾನೆ. ಬ್ಯಾಂಕಿನ ಕಡತದಲ್ಲಿ ಮಾತ್ರ ಆ ದಿನ ಏನೂ ಸೇರಿಲ್ಲ. ಮುಂದೆ ಕಂತಿನ ಗಡುವು ಮೀರಿದಾಗ ಕಡತ ಹೇಳುವುದು ಇಷ್ಟೇ: ‘ಕಟಬಾಕಿ’. ಅಕಾಲದಲ್ಲಿ ಬಿದ್ದ ಮಳೆಯ ಸುದ್ದಿಯಾಗಲಿ, ಟ್ಯಾಂಕರ್ ನೀರಿಗೆ ಸುರಿದ ಹಣದ ಲೆಕ್ಕವಾಗಲಿ ಅದರಲ್ಲಿಲ್ಲ. ಆ ಅಜ್ಜನನ್ನು ಬಲ್ಲ ಮ್ಯಾನೇಜರ್ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿರಲೂಬಹುದು.

ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ಬೆನ್ನಿಗೆ ಲಕ್ಷಾಂತರ ಜನರ ಮನೆಗಳು ಸಾಲಕ್ಕೆ ಹೋಗುವ ಹೊತ್ತಿನಲ್ಲಿ ‘ಹಾರ್ಡ್‌ಶಿಪ್ ಲೆಟರ್’ ಎಂಬ ಪತ್ರ ಮನೆಮಾತಾಯಿತು. ತನಗೊದಗಿದ ಕಷ್ಟವನ್ನು ವಿವರಿಸಿ, ಅಡಮಾನ ಸಾಲದ ಕರಾರನ್ನು ಸಡಿಲಿಸಿರೆಂದು ಸಾಲಗಾರ ಬ್ಯಾಂಕಿಗೆ ಬರೆಯುವ ಪತ್ರ ಅದು. 2009ರಲ್ಲಿ ಅಲ್ಲಿನ ಸರ್ಕಾರ ತಂದ ಯೋಜನೆಯಲ್ಲಿ ಕಷ್ಟದ ಬಗ್ಗೆ ಪ್ರಮಾಣಪತ್ರ ಕೊಡುವುದೂ ಒಂದು ಷರತ್ತಾಗಿತ್ತು. ಹೆಸರು ಹೊರಗಿನದಾದರೂ ಸಂಗತಿ ನಮಗೆ ಹೊಸದಲ್ಲ. ಬಿನ್ನಹ, ಅರಿಕೆ, ಅರ್ಜಿ, ಮನವಿ ಎಂದು ಇದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಹೆಸರುಗಳು! ಸಂಸ್ಕೃತದ ವಿಜ್ಞಾಪನೆಯಿಂದ ಬಿನ್ನಹ ಬಂದರೆ, ಅರ್ಜಿ ಬಂದದ್ದು ಅರಬ್ಬಿ ಮೂಲದಿಂದ, ಪಾರಸಿ ಆಡಳಿತದ ಹಾದಿಯಾಗಿ.

<b>ಬರ ಕಲಿಸಿದ ಪಾಠ</b>

ಸಾಲದ ಕಾಗದಕ್ಕೆ ಎಷ್ಟು ಬಲವಿದೆ ಎಂಬುದನ್ನು ಈ ಸೀಮೆ ಹತ್ತೊಂಬತ್ತನೆಯ ಶತಮಾನದಲ್ಲೇ ಕಂಡಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪಾ ಗ್ರಾಮದಲ್ಲಿ ರೈತರು ಲೇವಾದೇವಿಗಾರರ ಮೇಲೆ ತಿರುಗಿ ಬಿದ್ದರು. ಅವರ ಕೋಪ ಮುಖ್ಯವಾಗಿ ತಿರುಗಿದ್ದು ಸಾಲಪತ್ರಗಳ ಮೇಲೆ. ಊರೂರುಗಳಲ್ಲಿ ಅವುಗಳನ್ನು ಕಸಿದು ಸುಟ್ಟರು. ಓದಲು ಬಾರದ ರೈತನಿಗೆ ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನಿದೆ ಎಂಬುದೇ ತಿಳಿದಿರಲಿಲ್ಲ. ನ್ಯಾಯಾಲಯ ನೋಡುತ್ತಿದ್ದುದು ಆ ಕಾಗದವನ್ನೇ.

ಈ ಗಲಭೆಯ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲು ಅದು ಅನ್ವಯವಾದದ್ದು ಪುಣೆ, ಸಾತಾರಾ, ಅಹ್ಮದ್‌ನಗರ ಮತ್ತು ನಮ್ಮ ನೆರೆಯ ಸೋಲಾಪುರ ಜಿಲ್ಲೆಗಳಿಗೆ. ಮುಂದೆ ಮುಂಬಯಿ ಪ್ರಾಂತದ ಇತರ ಭಾಗಗಳಿಗೂ ಹಬ್ಬಿತು. ಸಾಲಪತ್ರದಲ್ಲಿ ಏನೇ ಬರೆದಿರಲಿ, ವ್ಯವಹಾರ ಶುರುವಾದಲ್ಲಿಂದ ನಿಜವಾದ ಲೆಕ್ಕವೇನೆಂದು ನ್ಯಾಯಾಧೀಶ ಕೆದಕಿ ನೋಡಬಹುದು, ರೈತನ ಸ್ಥಿತಿ ಕಂಡು ಕಂತುಗಳಲ್ಲಿ ತೀರಿಸಲು ಅವಕಾಶ ಕೊಡಬಹುದು ಎಂದು ಈ ಕಾಯ್ದೆ ಹೇಳಿತು. ಕಷ್ಟದ ಕಥೆಗೆ ಕಾನೂನಿನಲ್ಲಿ ಒಂದು ಜಾಗ ಸಿಕ್ಕಿತು.

ಈ ನಡುವೆಯೇ 1876–78ರ ಭೀಕರ ಕ್ಷಾಮ ಅಂದಿನ ಕಲಾದಗಿ ಜಿಲ್ಲೆಯನ್ನು, ಎಂದರೆ ಇಂದಿನ ವಿಜಯಪುರ ಮತ್ತು ಬಾಗಲಕೋಟೆಯ ಸೀಮೆಯನ್ನು, ಹಣ್ಣುಗಾಯಿ ಮಾಡಿತು. ಕ್ಷಾಮ ಆಯೋಗದ ವರದಿಯ ನಂತರ 1883 ಮತ್ತು 1884ರ ಕಾಯ್ದೆಗಳ ಪ್ರಕಾರ ಸರ್ಕಾರವೇ ಬಾವಿ ತೋಡಲು, ಬೀಜ ಎತ್ತು ಕೊಳ್ಳಲು ಸಾಲ ಕೊಡತೊಡಗಿತು. ಹಿರಿಯರು ಇಂದಿಗೂ ನೆನೆಯುವ ‘ತಗಾವಿ’ ಇದೇ. ಬಲ ತುಂಬುವುದು ಎಂದು ಆ ಅರಬ್ಬಿ ಪದದ ಮೂಲಾರ್ಥ. ಬಿದ್ದವನನ್ನು ಎಬ್ಬಿಸಿ ನಿಲ್ಲಿಸಿದರೆ ತಾನೇ ಕೊಟ್ಟ ಹಣ ಮರಳಿ ಬಂದೀತು ಎಂಬ ವ್ಯವಹಾರಜ್ಞಾನ ಆ ಒಂದು ಪದದಲ್ಲೇ ಅಡಗಿದೆ.

<b>ಇಂದಿನ ನಿಯಮ ಏನು?</b>

ತಿಕೋಟಾ ಸುತ್ತಿನ ದ್ರಾಕ್ಷಿ ಬೆಳೆಗಾರನ ಸಾಲ ಸಾಮಾನ್ಯವಾಗಿ ಎರಡು ಬಗೆಯದು. ಔಷಧ, ಗೊಬ್ಬರ, ಕೂಲಿಗೆಂದು ಪಡೆದದ್ದು ಬೆಳೆ ಸಾಲ. ಕಲ್ಲು-ತಂತಿ ನಿಲ್ಲಿಸಿ ಬಳ್ಳಿ ಹಬ್ಬಿಸಲು, ಹನಿ ನೀರಾವರಿಗೆ, ಒಣದ್ರಾಕ್ಷಿಯ ಶೆಡ್ಡಿಗೆ ಪಡೆದದ್ದು ಅವಧಿ ಸಾಲ. ಹೊಲ ಅಡವಿಟ್ಟಾಗ ಉತಾರದಲ್ಲಿ ಬೋಜಾ ಏರುತ್ತದೆ. ಕೃಷ್ಣೆಯ ನೀರು ಏತ ನೀರಾವರಿಯಿಂದ ಈ ಭಾಗದ ಕೆರೆಗಳಿಗೆ ಬಂದ ಮೇಲೆ ಎಷ್ಟೋ ಕಡೆ ಅಂತರ್ಜಲದ ಸ್ಥಿತಿ ಸುಧಾರಿಸಿದೆ. ಆದರೂ ಹೂ ಬಿಡುವ ಹೊತ್ತಿನಲ್ಲಿ ಸುರಿಯುವ ಮಳೆಗೆ, ಶೆಡ್ಡಿನಲ್ಲಿ ಒಣಗುತ್ತಿರುವಾಗ ಬೀಳುವ ಆಲಿಕಲ್ಲಿಗೆ ಯಾರು ತಡೆ ಹಾಕಬಲ್ಲರು?

ಇಂಥ ಹೊತ್ತಿಗೆಂದೇ ರಿಸರ್ವ್ ಬ್ಯಾಂಕು ನೈಸರ್ಗಿಕ ವಿಕೋಪದ ಪರಿಹಾರ ನಿಯಮಗಳನ್ನು ಮಾಡಿದೆ. ವಾಣಿಜ್ಯ ಬ್ಯಾಂಕುಗಳಿಗೆ 2018ರಲ್ಲಿ ಕೊಟ್ಟ ನಿರ್ದೇಶನಗಳನ್ನು ಉದಾಹರಣೆಯಾಗಿ ನೋಡಬಹುದು. ವಿಕೋಪವೆಂದು ಘೋಷಣೆಯಾದ ಪ್ರದೇಶದಲ್ಲಿ ಬೆಳೆ ನಷ್ಟ ಶೇ 33ರಿಂದ 50ರಷ್ಟಿದ್ದರೆ ಬೆಳೆ ಸಾಲ ತೀರಿಸಲು 2 ವರ್ಷದವರೆಗೆ, ಶೇ 50 ಮತ್ತು ಅದಕ್ಕೂ ಮೀರಿದರೆ 5 ವರ್ಷದವರೆಗೆ ಸಮಯ. ಅದರಲ್ಲಿ ಮೊದಲ ಒಂದು ವರ್ಷ ಕಂತಿನ ಬಿಡುವು. ಅವಧಿ ಸಾಲವಾದರೆ, ಬೆಳೆ ಮಾತ್ರ ಹೋಗಿ ತೋಟ ಉಳಿದಿದ್ದಲ್ಲಿ ಆ ವರ್ಷದ ಕಂತು ಮುಂದಕ್ಕೆ ಹಾಕಿ ಸಾಲದ ಅವಧಿಯನ್ನು ಒಂದು ವರ್ಷ ಬೆಳೆಸುವುದು. ಹೀಗೆ ಹೊಂದಿಸಿದ ಸಾಲಕ್ಕೆ ಹೆಚ್ಚಿನ ಆಧಾರ ಕೇಳಬಾರದೆಂದೂ ಅದರಲ್ಲಿತ್ತು. ಈ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ಆದ್ದರಿಂದ ಸದ್ಯ ಜಾರಿಯಲ್ಲಿರುವುದು ಯಾವುದು, ತನ್ನ ತಾಲೂಕು ಘೋಷಿತ ಪಟ್ಟಿಯಲ್ಲಿದೆಯೇ ಎಂದು ಶಾಖೆಯಲ್ಲಿ ಕೇಳುವುದೇ ಮೊದಲ ಹೆಜ್ಜೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು, ಪ್ರತಿವರ್ಷವೂ ಹಾಗಿರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಸಾಲವನ್ನು ಹೀಗೆ ಮುಂದೂಡುವುದೆಂದರೆ ಮನ್ನಾ ಅಲ್ಲ. ಬಡ್ಡಿ ಓಡುತ್ತಲೇ ಇರುತ್ತದೆ. ವಿಕೋಪದ ಘೋಷಣೆ ಇಲ್ಲದ ಕಡೆ ಬ್ಯಾಂಕು ಒಪ್ಪಿದರೂ ಖಾತೆಯ ದರ್ಜೆ ಇಳಿದು ಮುಂದಿನ ಸಾಲಕ್ಕೆ ತೊಡಕಾಗಬಹುದು. ಇದನ್ನು ಅರಿತೇ ಅರ್ಜಿ ಬರೆಯಬೇಕು.

<b>ಪತ್ರದಲ್ಲಿ ಏನಿರಬೇಕು?</b>

ನಮ್ಮವರ ಅರ್ಜಿಗಳಲ್ಲಿ ದೊಡ್ಡ ದೋಷವೆಂದರೆ ವಿನಯ ಹೆಚ್ಚು, ವಿವರ ಕಡಿಮೆ. ‘ತಾವು ದೊಡ್ಡ ಮನಸ್ಸು ಮಾಡಿ ಬಡವನನ್ನು ಕಾಪಾಡಬೇಕು’ ಎಂದು ಅರ್ಧ ಪುಟ ಬರೆದಿರುತ್ತಾರೆ. ಓದುವ ಅಧಿಕಾರಿಗೆ ಕನಿಕರ ಬಂದರೂ ಮೇಲಿನ ಕಚೇರಿಗೆ ಕಳಿಸಲು ಅದರಲ್ಲಿ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದದ್ದು ನಾಲ್ಕು ಸಂಗತಿ: ಏನಾಯಿತು, ಯಾವಾಗ ಆಯಿತು, ಈಗ ಎಷ್ಟು ಕಟ್ಟಬಲ್ಲೆ, ಏನು ಕೇಳುತ್ತಿದ್ದೇನೆ. ಒಂದು ಮಾದರಿ ನೋಡಿ; ಇದರಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ.

<i>“ಶಾಖಾ ವ್ಯವಸ್ಥಾಪಕರಿಗೆ, ವಿಷಯ: ದ್ರಾಕ್ಷಿ ತೋಟದ ಅವಧಿ ಸಾಲದ ಕಂತು ಮುಂದೂಡುವ ಬಗ್ಗೆ. ನಾನು ಮೇಲೆ ಬರೆದ ಖಾತೆಯ ಸಾಲಗಾರ. 2 ಎಕರೆ ದ್ರಾಕ್ಷಿ ಇದೆ. ಹಿಂದಿನ 4 ಕಂತುಗಳನ್ನು ಗಡುವಿನೊಳಗೆ ಕಟ್ಟಿದ್ದೇನೆ. ಅಕ್ಟೋಬರ್ 12ರಂದು ಚಾಟ್ನಿ ಮಾಡಿಸಿದೆ. ನವೆಂಬರ್ ಮೂರನೆಯ ವಾರ ಹೂವಿನ ಹೊತ್ತಿಗೆ ಮಳೆಯಾಗಿ ರೋಗ ಬಿತ್ತು. ಪ್ರತಿವರ್ಷ ಸುಮಾರು 5 ಟನ್ ಆಗುತ್ತಿದ್ದ ಒಣದ್ರಾಕ್ಷಿ ಈ ಸಲ 2 ಟನ್ ಆಗಿದೆ. ಮಾರಿ ಬಂದದ್ದು ರೂ. 2,40,000, ಔಷಧ, ಗೊಬ್ಬರ, ಕೂಲಿಗೆ ಖರ್ಚಾದದ್ದು ರೂ. 3,10,000. ಮಾರ್ಚ್ 31ರ ಕಂತು ರೂ. 1,20,000 ಕಟ್ಟಲು ಶಕ್ತಿಯಿಲ್ಲ. ಹೈನಿನ ಆದಾಯದಿಂದ ರೂ. 20,000 ಬಡ್ಡಿಯ ಬಾಬತ್ತು ಈಗಲೇ ಕಟ್ಟುತ್ತೇನೆ. ಈ ವರ್ಷದ ಕಂತನ್ನು ಮುಂದೂಡಿ ಸಾಲದ ಅವಧಿಯನ್ನು 1 ವರ್ಷ ವಿಸ್ತರಿಸಬೇಕೆಂದು ಕೋರುತ್ತೇನೆ. ಬಳ್ಳಿಗಳು ಆರೋಗ್ಯವಾಗಿವೆ, ಮುಂದಿನ ಹಂಗಾಮಿನಿಂದ ಕಂತು ಕಟ್ಟುತ್ತೇನೆ.”</i>

ಇಷ್ಟು ಸಾಕು. ಒಂದು ಪುಟ ಮೀರಬಾರದು. ಉತಾರ, ಬೆಳೆ ಹಾನಿಯ ಸಮೀಕ್ಷೆಯ ದಾಖಲೆ ಅಥವಾ ಕಂದಾಯ, ತೋಟಗಾರಿಕೆ ಇಲಾಖೆಯವರ ಪತ್ರ, ತೋಟದ ಫೋಟೋ, ಮಾರಾಟದ ಪಟ್ಟಿ, ಬೆಳೆ ವಿಮೆಯ ರಸೀದಿ ಜೊತೆಗಿರಲಿ. ನಷ್ಟವನ್ನು ಹಿಗ್ಗಿಸಿ ಬರೆಯುವುದು ಬೇಡ. ಒಂದು ಸುಳ್ಳು ಸಿಕ್ಕರೆ ಉಳಿದ ನಿಜವೂ ಮುಳುಗುತ್ತದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಬ್ಯಾಂಕಿನ ಮೊಹರು, ತಾರೀಖು ಹಾಕಿಸಿಕೊಂಡು ಮನೆಯಲ್ಲಿಡಬೇಕು. ಆ ಮೊಹರೇ ಮುಂದಿನ ಎಲ್ಲ ಮಾತಿಗೂ ಸಾಕ್ಷಿ. ಮುಖ್ಯವಾಗಿ, ಕಂತಿನ ಗಡುವಿಗೆ ಮೊದಲೇ ಕೊಡಬೇಕು. ಗಡುವಿಗೆ ಮೊದಲು ಬರೆದವನು ವ್ಯವಹಾರ ಬಲ್ಲವನೆನಿಸಿಕೊಳ್ಳುತ್ತಾನೆ. ನೋಟಿಸು ಬಂದ ಮೇಲೆ ಬರೆದವನು ನೆಪ ಹೇಳುವವನೆನಿಸಿಕೊಳ್ಳುತ್ತಾನೆ.

<b>ಪೇಟೆಯ ಮನೆಸಾಲ</b>

ವಿಜಯಪುರ ನಗರದಲ್ಲಿ ಮನೆ ಅಡವಿಟ್ಟು ಸಾಲ ಪಡೆದ ಅಂಗಡಿಕಾರರು, ಪಗಾರದವರ ಮಾತು ತುಸು ಬೇರೆ. ಕಂತು 90 ದಿನ ಮೀರಿದರೆ ಸಾಲ ‘ಅನುತ್ಪಾದಕ’ವಾಗುತ್ತದೆ. ಆಗ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಬ್ಯಾಂಕು 60 ದಿನಗಳ ನೋಟಿಸು ಕೊಟ್ಟು, ಬಳಿಕ ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮನೆಯ ವಶಕ್ಕೆ ಮುಂದಾಗಬಹುದು. ಕೃಷಿ ಭೂಮಿಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ. ಹಾಗೆಂದು ಹೊಲದ ಸಾಲ ವಸೂಲಿಗೆ ಬೇರೆ ಕಾನೂನಿನ ದಾರಿ ಇಲ್ಲವೆಂದಲ್ಲ.

ಈ ಕಾಯ್ದೆಯೊಳಗೂ ಪತ್ರಕ್ಕೊಂದು ಮಾನ ಸಿಕ್ಕಿದೆ. ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ 2004ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಸಾಲಗಾರನ ಉತ್ತರವನ್ನು ಬ್ಯಾಂಕು ಮನಸ್ಸಿಟ್ಟು ಪರಿಶೀಲಿಸಬೇಕು, ಒಪ್ಪದಿದ್ದರೆ ಕಾರಣ ತಿಳಿಸಬೇಕು ಎಂದಿತು. ಆ ಮೇಲೆ ಕಾಯ್ದೆಯೇ ತಿದ್ದುಪಡಿಯಾಯಿತು. ನೋಟಿಸಿಗೆ ಸಾಲಗಾರ ಬರಹದಲ್ಲಿ ಮನವಿ ಅಥವಾ ಆಕ್ಷೇಪ ಸಲ್ಲಿಸಿದರೆ, ಒಪ್ಪದ ಕಾರಣವನ್ನು ಬ್ಯಾಂಕು 15 ದಿನಗಳೊಳಗೆ ತಿಳಿಸಬೇಕೆಂಬುದು ಈಗಿನ ನಿಯಮ. ನೋಟಿಸನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ ಸುಮ್ಮನೆ ಕುಳಿತವನಿಗೆ ಈ ಅನುಕೂಲ ದಕ್ಕುವುದಿಲ್ಲ. ಇನ್ನು, ಲಿಖಿತ ದೂರಿಗೆ 30 ದಿನ ಕಳೆದರೂ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಲು ಅವಕಾಶವಿದೆ.

ಇಷ್ಟೆಲ್ಲ ದಾರಿಗಳಿದ್ದೂ ಜನ ಏಕೆ ಬರೆಯುವುದಿಲ್ಲ? ಅಕ್ಷರದ ಕೊರತೆಗಿಂತ ಮರ್ಯಾದೆಯ ಅಂಜಿಕೆಯೇ ದೊಡ್ಡದು. ಕಟ್ಟಲಾಗದು ಎಂದು ಕಾಗದದ ಮೇಲೆ ಒಪ್ಪಿಕೊಂಡರೆ ಊರಲ್ಲಿ ತಲೆ ಎತ್ತುವುದು ಹೇಗೆ ಎಂಬ ಸಂಕೋಚ. ಆ ಸಂಕೋಚವೇ ಮನುಷ್ಯನನ್ನು ಖಾಸಗಿ ಬಡ್ಡಿಯವರ ಮನೆಗೆ ಕರೆದೊಯ್ಯುತ್ತದೆ. ಬ್ಯಾಂಕಿನ ಒಂದು ಕಂತು ತೀರಿಸಲು ತಂದ ಕೈಗಡಕ್ಕೆ ಬಡ್ಡಿ ಬೆಳೆದು, ಕಡೆಗೆ ಹೊಲ, ಮನೆ, ಕೆಲವೊಮ್ಮೆ ಜೀವವೂ ಹೋಗುತ್ತದೆ. ಒಂದು ವರ್ಷದ ಬಿಡುವು ಕೇಳುವ ಒಂದು ಪುಟ ಇದಕ್ಕಿಂತ ಅಗ್ಗವಲ್ಲವೇ?

1875ರ ರೈತ ತಾನು ಓದಲಾರದ ಕಾಗದವನ್ನು ಸುಟ್ಟ. ಇಂದಿನ ರೈತನ ಮನೆಯಲ್ಲಿ ಶಾಲೆ ಕಲಿತ ಮಗನೋ ಮಗಳೋ ಇದ್ದಾರೆ. ಸಂಜೆ ಕಟ್ಟೆಯ ಮೇಲೆ ಕುಳಿತು ಅಪ್ಪ ಲೆಕ್ಕ ಹೇಳಲಿ, ಮಗಳು ಬರೆಯಲಿ. ಅದು ಭಿಕ್ಷೆಯ ಬಟ್ಟಲಲ್ಲ. ಕೊಟ್ಟವನಿಗೂ ಪಡೆದವನಿಗೂ ನಡುವಿನ ನೇರ ಲೆಕ್ಕ. ಅದರ ಕೆಳಗೆ ಮಾಡುವ ಸಹಿ, ಸಾಲ ಪಡೆದ ದಿನ ಮಾಡಿದ ಸಹಿಯಷ್ಟೇ ಗೌರವದ್ದು.