ನಾಟಕದ ತಂಬು ಮತ್ತು ನಮ್ಮ ಗಾಯಕ-ನಟರು

ಗೃಹಸ್ಥರ ಮನೆಗಳಲ್ಲಿ ಒಂದು ವಿಚಿತ್ರ ವ್ಯವಹಾರವು ಬಹುಕಾಲದಿಂದ ನಡೆದುಬಂದಿದೆ. ಗಾಯಕಿಯ ಧ್ವನಿಯನ್ನು ನಾವು ಆದರದಿಂದ ಒಳಗೆ ಕರೆದುಕೊಳ್ಳುತ್ತೇವೆ. ಮೊದಲು ಗ್ರಾಮಫೋನಿನ ತಟ್ಟೆಯ ಮೇಲೆ, ಅನಂತರ ರೇಡಿಯೋದ ಪೆಟ್ಟಿಗೆಯಲ್ಲಿ, ಈಗ ಅಂಗೈಯೊಳಗಿನ ಮೊಬೈಲಿನಲ್ಲಿ. ಆದರೆ ಆ ಗಾಯಕಿಯೇ ಆಗಲಿ, ಬೋಲಪಟದ ನಟನೇ ಆಗಲಿ ಹೊಸ್ತಿಲಿಗೆ ಬಂದು ನಿಂತರೆ, ಕುಲವಾವುದು, ಮನೆತನವಾವುದು ಎಂಬ ವಿಚಾರಣೆಯು ಮೊದಲಾಗುತ್ತದೆ. ನಮ್ಮ ಮಕ್ಕಳು ಆ ದಾರಿಯನ್ನು ಹಿಡಿದಾರೆಂಬ ಭಯವಂತೂ ಇನ್ನೂ ಪೂರ್ತಿಯಾಗಿ ಹೋಗಿಲ್ಲ.

ಇದು ಇಂದು ನಿನ್ನೆಯ ಮಾತಲ್ಲ. ಭರತಮುನಿಯ ಶಾಸ್ತ್ರವು ನಾಟ್ಯವನ್ನು ಪಂಚಮವೇದವೆಂದು ಕರೆಯಿತು. ಮನುಸ್ಮೃತಿಯು ಶೈಲೂಷನ, ಅಂದರೆ ನಟನ, ಅನ್ನವನ್ನು ಉಣ್ಣಬಾರದೆಂದಿತು. ಆಟವು ವೇದ, ಆಡುವವನ ಅನ್ನ ವರ್ಜ್ಯ! ಮೂವತ್ತು ವರುಷ ಮಕ್ಕಳಿಗೆ ಸಂಸ್ಕೃತವನ್ನು ಹೇಳಿಕೊಟ್ಟ ನನಗೆ ಈ ಎರಡು ಮಾತುಗಳನ್ನು ಹೊಂದಿಸುವ ಯಾವ ವ್ಯಾಖ್ಯಾನವೂ ದೊರೆತಿಲ್ಲ.

ಮೇಡ್ಲೇರಿಯಂತಹ ಹಳ್ಳಿಯಲ್ಲಿ ಕುಳಿತು ಇದನ್ನು ಬರೆಯುವುದಕ್ಕೆ ಕಾರಣವುಂಟು. ನಮ್ಮ ಹಾವೇರಿ, ನೆರೆಯ ಗದಗ, ಧಾರವಾಡ ಈ ಮೂರೂ 1997ರ ವರೆಗೆ ಒಂದೇ ಜಿಲ್ಲೆಯಾಗಿದ್ದವು. ಇಷ್ಟು ಅಲ್ಪ ಪ್ರದೇಶದಲ್ಲಿ ಇಷ್ಟೊಂದು ಶ್ರೇಷ್ಠ ಕಂಠಗಳು ಹೇಗೆ ಹುಟ್ಟಿದುವೆಂದು ಪರಸ್ಥಳದವರು ಬೆರಗಾಗಿ ಕೇಳುತ್ತಾರೆ. ಹವೆಯ ಗುಣ, ನೀರಿನ ಗುಣ ಎಂದು ಹೇಳುವವರೂ ಉಂಟು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕಾರಣವನ್ನು ಹುಡುಕಬೇಕಾದರೆ ಜಾತ್ರೆಯ ಬಯಲಿನಲ್ಲಿ ಏಳುತ್ತಿದ್ದ ಕಂಪನಿ ನಾಟಕದ ತಂಬಿನೊಳಗೆ ಹೋಗಬೇಕು.

ಕುಂದಗೋಳದ ರಾಮಭಾವು ಎಂಬುವರು 1886ರಲ್ಲಿ ಹುಟ್ಟಿದರು. ಅಬ್ದುಲ್ ಕರೀಮಖಾನರಲ್ಲಿ ಕಲಿತ ಈ ಕನ್ನಡಿಗರು ಮರಾಠೀ ರಂಗಭೂಮಿಯ ಮೇಲೆ ಸ್ತ್ರೀಪಾತ್ರಗಳನ್ನು ಧರಿಸಿ ಹಾಡಿದರು. ಆ ಕಾಲದ ರಂಗಭೂಮಿಗೆ ಬಾಲಗಂಧರ್ವರೇ ಅಳತೆಗೋಲು. ಇವರನ್ನು ಜನರು ಸವಾಯಿ ಗಂಧರ್ವರೆಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ಪಂಡಿತರ ಸಭೆಯಲ್ಲಲ್ಲ, ತಂಬಿನಲ್ಲಿ ಹುಟ್ಟಿದ ಬಿರುದು ಅದು. ಧಾರವಾಡದ ಬಳಿಯ ಮನಸೂರಿನ ಬಾಲಕ ಮಲ್ಲಿಕಾರ್ಜುನನು ಅಣ್ಣ ಬಸವರಾಜನ ಹಿಂದೆ ನಾಟಕದ ಕಂಪನಿಯನ್ನು ಸೇರಿ ಪ್ರಹ್ಲಾದ, ಧ್ರುವ ಮೊದಲಾದ ಪಾತ್ರಗಳಲ್ಲಿ ಹಾಡುತ್ತಿದ್ದನು. ಆ ಹಾಡನ್ನು ಕೇಳಿಯೇ ಗುರುಗಳು ಅವನನ್ನು ಶಿಷ್ಯನನ್ನಾಗಿ ಆರಿಸಿಕೊಂಡರು. ಕುಂದಗೋಳ ತಾಲೂಕಿನ ಯಲಿವಾಳದ ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ವಾಮನರಾವ ಮಾಸ್ತರರ ನಾಟಕ ಮಂಡಳಿಯಲ್ಲಿ ಬಣ್ಣ ಹಚ್ಚಿದವರೇ.

ಕಂಪನಿಯೆಂದರೆ ಊಟ, ವಸತಿ, ಪಾಠ ಎಲ್ಲವೂ ಒಂದೇ ಕಡೆ ದೊರೆಯುವ ಗುರುಕುಲ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ನೆಲದ ಮೇಲೆ ಕೂತ ಕಟ್ಟಕಡೆಯ ಮನುಷ್ಯನಿಗೂ ಅಕ್ಷರವು ಸ್ಪಷ್ಟವಾಗಿ ಮುಟ್ಟಬೇಕು. ಚೆನ್ನಾಗಿದ್ದರೆ “ಒನ್ಸ್ ಮೋರ್” ಎಂಬ ಕೂಗು. ಅದೇ ಪದವನ್ನು ಎರಡನೆಯ ಸಾರೆ ಬೇರೊಂದು ಬೆಡಗಿನಿಂದ ಹಾಡಬೇಕು. ಚೆನ್ನಾಗಿಲ್ಲದಿದ್ದರೆ ಆಗಲೇ ಅಪಹಾಸ್ಯ. ಹಗಲು ಪೇಟಿ ಮಾಸ್ತರರ ಎದುರು ಅಭ್ಯಾಸ, ರಾತ್ರಿ ಆಟ, ಮುಕ್ಕಾಮು ಮುಗಿದ ಮೇಲೆ ಗಾಡಿಯಲ್ಲಿ ಸಾಮಾನು. ದನಿ ಒಡೆದ ಹುಡುಗನು ಸ್ತ್ರೀಪಾತ್ರದಿಂದ ಇಳಿದು, ತನಗೆ ಇನ್ನಾವ ಪಾತ್ರವೆಂದು ಕಾಯಬೇಕಾಗುತ್ತಿತ್ತು. ಇಂತಹ ಕಠಿಣವಾದ ಶಾಲೆಯನ್ನು ನಮ್ಮ ವಿದ್ಯಾಖಾತೆಯು ಎಂದೂ ನಡೆಸಲಿಲ್ಲ.

ಗಂಡಸರ ಕಥೆ ಇದಾಯಿತು. ಹಾಡುವ ಹೆಣ್ಣುಮಕ್ಕಳ ಪಾಡು ಬೇರೆ. ನಮ್ಮ ಜಿಲ್ಲೆಯ ಹಾನಗಲ್ಲನ್ನು ತಮ್ಮ ಹೆಸರಿನೊಡನೆ ಜಗತ್ತಿಗೆಲ್ಲ ಒಯ್ದ ಗಂಗೂಬಾಯಿಯವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಬಾಲ್ಯದ ಹೆಸರು ಗಾಂಧಾರಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳು ಹಿಂದುಸ್ಥಾನೀ ಪದ್ಧತಿಯನ್ನು ಕಲಿಯುತ್ತಿರುವಾಗ ತಮ್ಮ ಹಾಡು ಅವಳ ಕಿವಿಯನ್ನು ಕೆಡಿಸಬಾರದೆಂದು ಆ ತಾಯಿ ತಾವೇ ಹಾಡುವುದನ್ನು ಬಿಟ್ಟರು. ವಾಚಕರು ಇದನ್ನು ಎರಡು ಸಲ ಓದಬೇಕು. ಹಾಡುವ ಹುಡುಗಿಯೆಂದು ಬೀದಿಯಲ್ಲಿ ಜನರು ಹಂಗಿಸುತ್ತಿದ್ದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ಕೂಡಿದಾಗ ಅಲ್ಲಿ ಹಾಡಿದ ಬಾಲಕಿ ಈಕೆ. ಹಾಡಿನ ವಿಷಯದಲ್ಲಿ ಅಂಜಿಕೆಯಿರಲಿಲ್ಲ. ಊಟದ ಹೊತ್ತಿಗೆ ತನ್ನ ಜಾತಿಯ ಕಾರಣ ಯಾರು ಏನೆನ್ನುವರೋ ಎಂಬ ಅಳುಕೇ ದೊಡ್ಡದಾಗಿತ್ತೆಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕೋಮಲವಾದ ದನಿಯು ಗಂಡುದನಿಯಂತೆ ಗಂಭೀರವಾಯಿತು. ಅನೇಕರು ಅಲ್ಲಿಗೆ ಹಾಡನ್ನೇ ಬಿಡುತ್ತಿದ್ದರು; ಇವರು ಆ ದನಿಯನ್ನೇ ತಮ್ಮ ಗುರುತನ್ನಾಗಿ ಮಾಡಿಕೊಂಡರು. 2002ರಲ್ಲಿ ಪದ್ಮವಿಭೂಷಣವು ಬಂದಿತು, 2009ರಲ್ಲಿ ತೀರಿಕೊಂಡರು.

ಬಿಜಾಪುರ ಸೀಮೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ ಹಿಂದೀ ಬೋಲಪಟಗಳಲ್ಲಿ ನಟಿಸಿದರು, ಹಾಡಿದರು. 1943ರ ‘ಕಿಸ್ಮತ್’ ಚಿತ್ರವು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರುಷಕ್ಕೂ ಹೆಚ್ಚು ಕಾಲ ಓಡಿತು. ಅದರ ನಾಯಿಕೆಯ ಹಾಡುಗಳಿಗೆ ಕಂಠವು ನಮ್ಮ ಬೀಳಗಿಯದು. ಇವರ ಸೋದರಿ ಗೋಹರಬಾಯಿಯವರು ಬಾಲಗಂಧರ್ವರ ಮಂಡಳಿಯಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿದರು. ಸ್ತ್ರೀವೇಷದ ಗಂಡಸೇ ಸಾರ್ವಭೌಮನಾಗಿದ್ದ ರಂಗದ ಮೇಲೆ ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬರುವುದೆಂದರೆ ಆಗ ಎಷ್ಟು ಚರ್ಚೆ!

ಕನ್ನಡದ ಮೊದಲ ಬೋಲಪಟವಾದ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂದಿತು. ಅದರ ಚಿತ್ರೀಕರಣವು ಕೊಲ್ಲಾಪುರದಲ್ಲಿ ನಡೆಯಿತು. ಅದರಲ್ಲಿ ಮೆರೆದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರಿಬ್ಬರೂ ನಾಟಕದ ಕಂಪನಿಯ ಜನ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದ ರಾಜಕುಮಾರರು 1954ರಲ್ಲಿ ‘ಬೇಡರ ಕಣ್ಣಪ್ಪ’ನಾದರು. ನಮ್ಮ ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು 1960ರಲ್ಲಿ ತೆರೆಯ ಮೇಲೆ ಬಂದಾಗ ಮುಖವು ರಾಜಕುಮಾರರದು, ಕಂಠವು ಪಿ.ಬಿ. ಶ್ರೀನಿವಾಸರದು. ರಂಗದ ಮೇಲೆ ತಾನೇ ಹಾಡಬಲ್ಲ ನಟನು ತೆರೆಯ ಮೇಲೆ ಬಹುಕಾಲ ತುಟಿಯನ್ನಷ್ಟೇ ಆಡಿಸಿದನು. 1974ರ ‘ಸಂಪತ್ತಿಗೆ ಸವಾಲ್’ ಆದ ಮೇಲೆಯೇ ತಮ್ಮ ಹಾಡುಗಳನ್ನು ಬಹುಮಟ್ಟಿಗೆ ತಾವೇ ಹಾಡತೊಡಗಿದರು. ಶ್ರೀನಿವಾಸರ ಕಂಠವನ್ನು ಹಳಿಯುವವನು ನಾನಲ್ಲ. ಆದರೆ ಕಂಠವನ್ನೂ ಮುಖವನ್ನೂ ಯಂತ್ರವು ಬೇರ್ಪಡಿಸಿದಂದಿನಿಂದ, ಎರಡನ್ನೂ ಒಂದೇ ದೇಹದಲ್ಲಿ ಬೆಳೆಯಿಸುವ ಶಾಲೆ ಬೇಕೆಂಬ ಚಿಂತೆಯು ಚಿತ್ರ ತೆಗೆಯುವವರಿಗೆ ಉಳಿಯಲಿಲ್ಲ.

ಇದು ನಮ್ಮ ನಾಡಿನ ವಿಶೇಷವೆಂದು ನಾನು ತಿಳಿದಿದ್ದೆನು. ಆದರೆ ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿ, 1957ರಲ್ಲಿ ಸ್ವತಂತ್ರವಾದ ಘಾನಾ ದೇಶದ ವೃತ್ತಾಂತವನ್ನು ಓದಿದಾಗ ನಮ್ಮ ರಾಣೇಬೆನ್ನೂರಿನ ಬಯಲನ್ನೇ ಕಂಡಂತಾಯಿತು. ಅಲ್ಲಿ ‘ಕನ್ಸರ್ಟ್ ಪಾರ್ಟಿ’ ಎಂಬ ಮಂಡಳಿಗಳು ಊರೂರು ತಿರುಗುತ್ತಿದ್ದುವು. ಮೊದಲು ಗಿಟಾರಿನ ಹಾಡು, ‘ಹೈಲೈಫ್’ ಎಂಬ ಅವರ ಜನಪ್ರಿಯ ಸಂಗೀತ. ಬಳಿಕ ತಡರಾತ್ರಿಯ ತನಕ ನಗೆನಾಟಕ. ಹೆಣ್ಣಿನ ವೇಷ ಅಲ್ಲಿಯೂ ಗಂಡಸರಿಗೇ! ಗಿಟಾರನ್ನು ಹಿಡಿದವನು ಕುಡುಕನೆಂದು ಅಲ್ಲಿಯ ಮನೆಯವರೂ ಮೂಗು ಮುರಿಯುತ್ತಿದ್ದರು. ಅಂತಹ ಗಿಟಾರ್ ವಾದಕನಾದ ಇ.ಕೆ. ನ್ಯಾಮೆ ಎಂಬವನು 1952ರಲ್ಲಿ ತನ್ನ ವಾದ್ಯವೃಂದಕ್ಕೆ ನಾಟಕವನ್ನು ಜೋಡಿಸಿದನು. ಮರುವರುಷವೇ ಪ್ರಧಾನಿ ನ್‌ಕ್ರುಮಾರವರು ಲೈಬೀರಿಯಾಕ್ಕೆ ಹೋಗುವಾಗ ಅವನ ಮೇಳವನ್ನು ಜತೆಗೆ ಕರೆದೊಯ್ದರು. ಬಾಬ್ ಕೋಲ್ ಎಂಬ ತಂಬಿನ ವಿದೂಷಕನು 1970ರಲ್ಲಿ ಚಿತ್ರದ ನಟನಾದನು. ಇತ್ತೀಚಿನ ನಗೆನಟ ಅಗ್ಯಾ ಕೂ ಕೂಡ ಇಂತಹ ಆಟಗಳಿಂದಲೇ ತೆರೆಗೆ ಏರಿದವನು. ನಡುವೆ ಸಮುದ್ರವಿದ್ದರೂ ದಾರಿ ಒಂದೇ.

ಇನ್ನು ನಮ್ಮ ಹಾನಗಲ್ಲ ತಾಲೂಕಿನ ಮಾತು. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಕುರುಡನಾದ ಒಬ್ಬ ಬಾಲಕನು ಜನಿಸಿದನು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತವನ್ನು ಕಲಿತು ಅವರು ಪಂಚಾಕ್ಷರಿ ಗವಾಯಿಗಳಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನವಿಟ್ಟು ಹಾಡನ್ನು ಕಲಿಸಿದರು. ರಾಜಗುರುಗಳು ಅವರ ಶಿಷ್ಯರೇ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಅದೇ ಸೀಮೆಯವರು, ಅವರೂ ಅಂಧರು. ಆಶ್ರಮದ ಒಲೆ ಉರಿಯಬೇಕಲ್ಲ! ಪುಟ್ಟರಾಜರು ನಾಟಕದ ಕಂಪನಿಯನ್ನು ಕಟ್ಟಿದರು, ತಾವೇ ನಾಟಕಗಳನ್ನು ಬರೆದರು. ಊರ ಹಿರಿಯರು ಯಾವ ತಂಬಿನತ್ತ ಹೋಗಬೇಡವೆಂದು ಮಕ್ಕಳನ್ನು ಗದರಿಸುತ್ತಿದ್ದರೋ, ಅಂತಹ ತಂಬಿನ ಹಣದಿಂದಲೇ ಕಣ್ಣಿಲ್ಲದ ಮಕ್ಕಳು ಉಂಡರು. ದಾವಣಗೆರೆಯ ನಾಟಕದ ಮನೆತನಕ್ಕೆ ಸೇರಿದ ಚಿಂದೋಡಿ ಬಂಗಾರೇಶರು 1995ರಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರವನ್ನು ಮಾಡಿದರು. ಅದರ ಸಂಗೀತಕ್ಕಾಗಿ ಹಂಸಲೇಖರಿಗೂ ಹಾಡಿಗಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂರಿಗೂ ರಾಷ್ಟ್ರಪ್ರಶಸ್ತಿಗಳು ಬಂದುವು. ಪುಟ್ಟರಾಜರು 2010ರ ವರೆಗೆ ಬದುಕಿದ್ದರು.

ಇಷ್ಟನ್ನೆಲ್ಲ ನಾನು ಹೊಳೆಯ ದಂಡೆಯಲ್ಲಿ ಕೂತು ಮೆಲುಕು ಹಾಕುತ್ತಿದ್ದೆನೆಂದಲ್ಲ. ಕಳೆದ ವರುಷ ನಮ್ಮೂರಿನ ಒಂದು ಮನೆಯವರು ನನ್ನ ಸಲಹೆಯನ್ನು ಕೇಳಿದರು. ಹುಡುಗಿಗೆ ಹನ್ನೆರಡು ವರುಷ. ಶರೀಫರ ತತ್ತ್ವಪದಗಳನ್ನು ಹಾಡಿದರೆ ಭಜನೆಯವರೇ ತಾಳವನ್ನು ನಿಲ್ಲಿಸಿ ಕೇಳುತ್ತಾರೆ. ತಂದೆಗೆ ಅವಳನ್ನು ನೇರವಾಗಿ ದೂರದರ್ಶನದ ಸ್ಪರ್ಧೆಗೆ ಕಳಿಸುವ ಆತುರ. ಅಜ್ಜಿಯು ಬಾಗಿಲಲ್ಲೇ ಅಡ್ಡ ಕೂತಿದ್ದಳು.

“ಮಾಸ್ತರ್ರ, ಹಾಡು ಮನ್ಯಾಗ ಇರ್ಲಿ. ಮಂದ್ಯಾಗ ಹಾಡಿದ ಹುಡುಗಿನ್ನ ನಾಳೆ ಯಾರ ಕೇಳ್ತಾರ?”

ನಾನು ಅಂಬಾಬಾಯಿಯವರ ಸಂಗತಿಯನ್ನು ಹೇಳಿದೆನು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, “ತಾಯಿ ತನ್ನ ಹಾಡು ಬಿಟ್ಲೇನ?” ಎಂದಳು. “ಬಿಟ್ಟರು ನೋಡವ್ವ,” ಎಂದೆ. ತಂದೆಗೆ ಬೇರೆ ಮಾತನ್ನು ಹೇಳಬೇಕಾಯಿತು: ಸ್ಪರ್ಧೆಯವರು ಹಾಡನ್ನು ಕೇಳುವರೇ ಹೊರತು ಕಲಿಸುವವರಲ್ಲ, ಹತ್ತು ನಿಮಿಷದ ಬೆಳಕಿಗಿಂತ ಮೊದಲು ಹತ್ತು ವರುಷದ ಪೇಟಿ ಮಾಸ್ತರರು ಬೇಕು. ಅವನಿಗೆ ಅದು ರುಚಿಸಲಿಲ್ಲ. ಈಗಲೂ ನನ್ನನ್ನು ಕಂಡರೆ ಮಾತು ಕಡಿಮೆ.

ಹುಡುಗಿಯು ಪ್ರತಿ ಶನಿವಾರ ಮಧ್ಯಾಹ್ನ ರಾಣೇಬೆನ್ನೂರಿನಲ್ಲಿ ಒಬ್ಬ ಸಂಗೀತದ ಶಿಕ್ಷಕರಲ್ಲಿಗೆ ಹೋಗುತ್ತಾಳೆ. ಆರು ತಿಂಗಳಿನಿಂದ ಭೂಪರಾಗವೊಂದೇ ನಡೆದಿದೆ. ಬಸ್ಸಿನಲ್ಲಿ ಜತೆಗೆ ಹೋಗುವವಳು ಅಜ್ಜಿಯೇ. ಪಾಠ ಮುಗಿಯುವ ತನಕ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದವಳು, ಮಳೆಗಾಲ ಬಂದಂದಿನಿಂದ ಒಳಗೆ ಬಂದು ಕೂಡ್ರುತ್ತಿದ್ದಾಳೆ.