ಖಾಲಿ ಬಾಟಲಿಯ ಮರುಬಳಕೆ

ದೇವನಕೊಂಡ ಮಳೆಯನ್ನೇ ನೆಚ್ಚಿದ ಬೇಸಾಯದ ಸೀಮೆ. ಬೇಸಗೆಯಲ್ಲಿ ಹಿತ್ತಿಲ ಕರಿಬೇವಿನ ಸಸಿಯನ್ನು ಉಳಿಸಿಕೊಳ್ಳುವುದೂ ಇಲ್ಲಿ ಪ್ರಯಾಸವೇ. ಬಿಸಾಡುವ ನೀರಿನ ಬಾಟಲಿ ಆಗ ನೆರವಿಗೆ ಬರುತ್ತದೆ. ಮುಚ್ಚಳದಲ್ಲಿ ಸೂಜಿಯಿಂದ ಒಂದೆರಡು ರಂಧ್ರ ಮಾಡಿ, ತಳವನ್ನು ಕತ್ತರಿಸಿ, ಬೇರಿನ ಪಕ್ಕ ತಲೆಕೆಳಗಾಗಿ ಹೂತರೆ, ಸುರಿದ ನೀರು ಮೇಲ್ಮಣ್ಣಿನಲ್ಲಿ ಹೆಚ್ಚು ಆವಿಯಾಗದೆ ಬೇರಿಗೆ ನಿಧಾನವಾಗಿ ಇಳಿಯುತ್ತದೆ. ಗಡಿಗೆ ಹೂತು ಗಿಡಕ್ಕೆ ನೀರೂಡಿಸುವ ಹಳೆಯ ಕ್ರಮದ ತತ್ತ್ವವೂ ಇದೇ.

ಇಂಥ ಬಾಟಲಿಗಳು ಬಹುತೇಕ ಪಾಲಿಎಥಿಲೀನ್ ಟೆರೆಫ್ತಲೇಟ್‌ನವು. ತಳದ ತ್ರಿಕೋನದೊಳಗೆ 1 ಎಂಬ ಅಂಕೆಯಿರುತ್ತದೆ. ಸುಮಾರು 75 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಇದು ಮೆತ್ತಗಾಗುವುದರಿಂದ ಕುದಿನೀರನ್ನು ತುಂಬುವಂತಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಬೆಳೆಗೆ ಸಿಂಪಡಿಸುವ ಔಷಧಿಯನ್ನಾಗಲಿ ಸೀಮೆಎಣ್ಣೆ, ಫಿನಾಯಿಲ್‌ಗಳನ್ನಾಗಲಿ ನೀರಿನ ಬಾಟಲಿಯಲ್ಲಿ ತುಂಬಿಡಬಾರದು. ಬಾಯಾರಿದ ಮಗು ಗುರುತಿಸುವುದು ಬಾಟಲಿಯನ್ನು, ಒಳಗಿನ ದ್ರವವನ್ನಲ್ಲ. ಔಷಧಿಯ ಡಬ್ಬಿಯನ್ನು ತೊಳೆದು ಮನೆಬಳಕೆಗೆ ತರುವುದೂ ಅಷ್ಟೇ ಘೋರ.

ಬಿರುಕುಬಿಟ್ಟದ್ದು ಗುಜರಿಗೆ ಹೋಗಲಿ, ಒಲೆಗೆ ಬೇಡ. ಕಾರ್ಖಾನೆಯಲ್ಲಿ ಅದನ್ನು ತೊಳೆದು, ಚೂರಾಗಿಸಿ, ಕರಗಿಸಿ ಪಾಲಿಯೆಸ್ಟರ್ ಎಳೆ ತೆಗೆಯುತ್ತಾರೆ. ಹತ್ತಿಗೆ ಹೆಸರಾದ ಆದವಾನಿಯ ಸೀಮೆಯವರಿಗೆ ಇದು ವಿಚಿತ್ರವೆನಿಸೀತು. ಆದರೆ 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಈ ವಸ್ತುವನ್ನು ರೂಪಿಸಿದ್ದೇ ನೂಲಿಗಾಗಿ. ಅದು ಬಾಟಲಿಯಾದದ್ದು 1970ರ ದಶಕದಲ್ಲಿ. 2023ರ ಫೆಬ್ರವರಿಯಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಬೆಂಗಳೂರಿನಲ್ಲಿ ತೋರಿಸಿದ ಸಮವಸ್ತ್ರ ಒಂದಕ್ಕೆ ಹಿಡಿದದ್ದು ಸುಮಾರು 28 ಬಾಟಲಿ.